ಮುಂಗಡ ಪಡೆದವರಿಗೆ ಜೈಲು: ಸತ್ತುಹೋದ ಒಂದು ಕಾಯ್ದೆಯ ಕಥೆ

"ಅಡ್ವಾನ್ಸ್ ಈಸ್ಕೊಂಡಿದ್ದೀಯ. ಕೆಲಸ ಬಿಟ್ಟು ಹೋದ್ರೆ ಪೊಲೀಸ್ ಕಂಪ್ಲೇಂಟ್ ಕೊಟ್ಟು ಒಳಗೆ ಹಾಕಿಸ್ತೀನಿ."

ಇಟ್ಟಿಗೆ ಗೂಡು, ಕಲ್ಲು ಕ್ವಾರಿ, ಕಬ್ಬು ಕಡಿಯುವ ಗ್ಯಾಂಗು, ಶುಂಠಿ ಹೊಲ, ಕಾಫಿ ತೋಟ. ಹೊಟ್ಟೆಪಾಡಿಗೆ ಊರು ಬಿಟ್ಟು ಹೋದವರಿಗೆ ಈ ಮಾತು ಹೊಸದಲ್ಲ. ಕೇಳಿದವರು ಹೆದರುತ್ತಾರೆ. ದುಡ್ಡು ತಗೊಂಡದ್ದು ನಿಜ, ತೀರಿಸದೇ ಇರುವುದೂ ನಿಜ, ಹಾಗಾಗಿ ಜೈಲಿಗೆ ಹಾಕಿಸಬಹುದೇನೋ ಎಂದುಕೊಳ್ಳುತ್ತಾರೆ. ಹೆದರಿ ಅಲ್ಲೇ ಉಳಿಯುತ್ತಾರೆ.

ಈ ಬೆದರಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಒಂದು ಕಾಲದಲ್ಲಿ ಅದು ಅಕ್ಷರಶಃ ನಿಜವಾಗಿತ್ತು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಜೈಲಿಗೆ ಕಳಿಸುವ ಕಾಯ್ದೆಯೇ ನಮ್ಮ ದೇಶದಲ್ಲಿತ್ತು. 66 ವರ್ಷಗಳ ಕಾಲ ಅದು ನಡೆಯಿತು. ಅದು ರದ್ದಾಗಿ ಸುಮಾರು ನೂರು ವರ್ಷವಾಗಿದೆ. ಕಾಯ್ದೆ ಸತ್ತರೂ ಅದರ ಹೆದರಿಕೆ ಮಾತ್ರ ಸತ್ತಿಲ್ಲ. ಹಾಗಾಗಿ ಈ ಕಥೆ ನಮಗೆಲ್ಲ ಗೊತ್ತಿರಬೇಕು.

ಕಲ್ಕತ್ತದ ವ್ಯಾಪಾರಿಗಳ ಅರ್ಜಿ

1843ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಒಂದು ಕಾಯ್ದೆ ತಂದು, ಗುಲಾಮಗಿರಿಗೆ ಇದ್ದ ಕಾನೂನಿನ ಬೆಂಬಲವನ್ನು ತೆಗೆದುಹಾಕಿತು. 'ಇವನು ನನ್ನ ಆಳು, ನನ್ನ ಸ್ವತ್ತು' ಎಂದು ಕೋರ್ಟಿಗೆ ಹೋಗಲು ಇನ್ನು ಯಾರಿಗೂ ಸಾಧ್ಯವಿರಲಿಲ್ಲ. ಆದರೆ ಕೆಲಸಕ್ಕೆ ಜನ ಬೇಕಲ್ಲ? ಕರೆದ ತಕ್ಷಣ ಬರುವ, ಮಧ್ಯದಲ್ಲಿ ಬಿಟ್ಟುಹೋಗದ ಜನ ಬೇಕಲ್ಲ?

ಕಲ್ಕತ್ತದ ಬಿಳಿಯ ವ್ಯಾಪಾರಿಗಳ ಸಂಘ ಸರ್ಕಾರಕ್ಕೆ ಅರ್ಜಿ ಕೊಟ್ಟಿತು. ಕುಶಲಕರ್ಮಿಗಳು, ಕೂಲಿಗಳು ಮುಂಗಡ ತೆಗೆದುಕೊಂಡು ಕೆಲಸ ಮಾಡದೆ ಹೋಗುತ್ತಾರೆ, ಇದರಿಂದ ತಮಗೆ ನಷ್ಟ ಎಂಬುದು ಅವರ ದೂರು. ಸಿವಿಲ್ ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಕಾಯಬೇಕು, ಗೆದ್ದರೂ ಬಡವನ ಹತ್ತಿರ ಜಪ್ತಿ ಮಾಡಲು ಏನಿರುತ್ತದೆ ಎಂಬುದು ಅವರ ವಾದ. ಇದರ ಫಲವಾಗಿ 1859ರಲ್ಲಿ 13ನೇ ಕಾಯ್ದೆ ಬಂತು. ಅದರ ಹೆಸರನ್ನು ಕನ್ನಡದಲ್ಲಿ 'ಕೆಲಸಗಾರರ ಕರಾರು ಭಂಗ ಕಾಯ್ದೆ' ಎನ್ನಬಹುದು.

ಮೊದಲು ಕಲ್ಕತ್ತ, ಮದರಾಸು, ಮುಂಬಯಿ ನಗರಗಳಿಗೆಂದು ಬಂದ ಈ ಕಾಯ್ದೆಯನ್ನು ಬೇರೆ ಕಡೆಗೂ ವಿಸ್ತರಿಸುವ ಅವಕಾಶವಿತ್ತು. ನಗರದ ಬಡಗಿ, ಕಮ್ಮಾರರಿಗಾಗಿ ಬಂದ ಕಾಯ್ದೆ ಬೇಗನೆ ಗುಡ್ಡ ಹತ್ತಿತು. ಅಸ್ಸಾಮಿನ ಚಹಾ ತೋಟಗಳಿಗೂ ನಮ್ಮ ಕೊಡಗಿನ ಕಾಫಿ ತೋಟಗಳಿಗೂ ಹೋಯಿತು.

ಕಾಯ್ದೆ ಏನು ಹೇಳುತ್ತಿತ್ತು?

ಕಾಯ್ದೆ ತುಂಬ ಚಿಕ್ಕದು. ಅದು ನಡೆಯುತ್ತಿದ್ದ ರೀತಿ ಹೀಗೆ:

ಕೆಲಸಗಾರ ಮುಂಗಡ ಪಡೆದಿದ್ದಾನೆ. ಸರಿಯಾದ ಕಾರಣವಿಲ್ಲದೆ ಕೆಲಸಕ್ಕೆ ಬಂದಿಲ್ಲ, ಅಥವಾ ಮಧ್ಯದಲ್ಲಿ ಬಿಟ್ಟಿದ್ದಾನೆ. ಮಾಲೀಕ ಮ್ಯಾಜಿಸ್ಟ್ರೇಟರಿಗೆ ದೂರು ಕೊಡುತ್ತಾನೆ. ಮ್ಯಾಜಿಸ್ಟ್ರೇಟರು ಸಮನ್ಸ್ ಅಥವಾ ವಾರಂಟ್ ಹೊರಡಿಸಿ ಅವನನ್ನು ಕರೆಸುತ್ತಾರೆ. ಅಲ್ಲಿ ಎರಡು ದಾರಿ ಇದ್ದವು. ಒಂದು, ಮುಂಗಡ ವಾಪಸ್ ಕೊಡು ಎಂಬ ಆದೇಶ. ಇನ್ನೊಂದು, ಕರಾರಿನ ಪ್ರಕಾರ ಕೆಲಸ ಮಾಡಿ ಮುಗಿಸು ಎಂಬ ಆದೇಶ. ಎರಡರಲ್ಲಿ ಯಾವುದು ಬೇಕೆಂದು ಆಯ್ಕೆ ಮಾಡುವ ಹಕ್ಕು ಇದ್ದದ್ದು ದೂರು ಕೊಟ್ಟ ಮಾಲೀಕನಿಗೆ.

ಆದೇಶ ಪಾಲಿಸದಿದ್ದರೆ 3 ತಿಂಗಳವರೆಗೆ ಕಠಿಣ ಜೈಲು.

ಇಲ್ಲಿ ಎರಡು ಸಂಗತಿ ಗಮನಿಸಬೇಕು. ಮೊದಲನೆಯದು, ಜೈಲಿಗೆ ಹೋಗಿ ಬಂದರೂ ಸಾಲ ಹಾಗೇ ಉಳಿಯುತ್ತಿತ್ತು. ದುಡ್ಡು ತೀರದಿದ್ದರೆ ಮಾಲೀಕ ಸಿವಿಲ್ ಕೋರ್ಟಿಗೂ ಹೋಗಬಹುದಿತ್ತು. ಎರಡನೆಯದು, ಕರಾರು ಎಂದರೆ ಇಬ್ಬರ ನಡುವಿನ ಮಾತು, ಆದರೆ ಈ ಕಾಯ್ದೆಯಲ್ಲಿ ಶಿಕ್ಷೆ ಒಬ್ಬರಿಗೆ ಮಾತ್ರ. ಕೆಲಸಗಾರ ಮಾತು ತಪ್ಪಿದರೆ ಅಪರಾಧ. ಮಾಲೀಕ ಕೂಲಿ ಕೊಡದೆ ಮಾತು ತಪ್ಪಿದರೆ ಈ ಕಾಯ್ದೆಯಲ್ಲಿ ಅವನಿಗೆ ಏನೂ ಇಲ್ಲ. ಹೊಟ್ಟೆಗಿಲ್ಲದ ಕೂಲಿಯವನು ಬೇಕಿದ್ದರೆ ಸಿವಿಲ್ ದಾವೆ ಹೂಡಿಕೊಳ್ಳಬಹುದು, ಅಷ್ಟೆ.

ಇಂಗ್ಲೆಂಡಿನಲ್ಲೂ ಇಂಥದೇ ಕಾನೂನು ಇತ್ತು. 1823ರ ಯಜಮಾನ-ಸೇವಕ ಕಾಯ್ದೆಯಡಿ ಕೆಲಸ ಬಿಟ್ಟ ಕಾರ್ಮಿಕನಿಗೆ 3 ತಿಂಗಳವರೆಗೆ ಜೈಲು. 1860ರ ದಶಕದ ಹೊತ್ತಿಗೆ ಅಲ್ಲಿ ವರ್ಷಕ್ಕೆ ಸುಮಾರು 10 ಸಾವಿರ ಕಾರ್ಮಿಕರ ಮೇಲೆ ಇಂಥ ಕೇಸುಗಳು ಬೀಳುತ್ತಿದ್ದವು. ಅಲ್ಲಿನ ಕಾರ್ಮಿಕ ಸಂಘಗಳು ಹೋರಾಡಿ 1875ರಲ್ಲಿ ಅದನ್ನು ತೆಗೆಸಿದವು. ಅಲ್ಲಿಂದ ಮುಂದೆ ಇಂಗ್ಲೆಂಡಿನಲ್ಲಿ ಕೆಲಸ ಬಿಡುವುದು ಅಪರಾಧವಾಗಿ ಉಳಿಯಲಿಲ್ಲ. ಅದೇ ರಾಣಿಯ ಆಳ್ವಿಕೆಯಲ್ಲಿದ್ದ ಭಾರತದಲ್ಲಿ ಮಾತ್ರ ಈ ಕಾನೂನು ಇನ್ನೂ 50 ವರ್ಷ ನಡೆಯಿತು.

ಕೊಡಗಿನ ತೋಟಗಳಲ್ಲಿ

ಕೊಡಗು ಬ್ರಿಟಿಷರ ಕೈಸೇರಿದ್ದು 1834ರಲ್ಲಿ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಮಡಿಕೇರಿ ಸುತ್ತ ಬಿಳಿಯರ ಕಾಫಿ ತೋಟಗಳು ಶುರುವಾದವು. ಕಾಡು ಕಡಿಯಬೇಕು, ಗಿಡ ನೆಡಬೇಕು, ಕಳೆ ತೆಗೆಯಬೇಕು, ಹಣ್ಣು ಕೊಯ್ಯಬೇಕು. ಅಷ್ಟು ಕೆಲಸಕ್ಕೆ ಅಲ್ಲಿನ ಯರವರು, ಕುರುಬರು ಸಾಲುತ್ತಿರಲಿಲ್ಲ. ಮೈಸೂರು ಸೀಮೆಯ ಬಯಲಿನಿಂದ, ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದ ಜನ ಬರಬೇಕಿತ್ತು.

ಜನರನ್ನು ತರುತ್ತಿದ್ದವನು ಮೇಸ್ತ್ರಿ. ತೋಟದ ದೊರೆ ಮೇಸ್ತ್ರಿಗೆ ಒಟ್ಟು ಹಣ ಕೊಡುತ್ತಿದ್ದ. ಮೇಸ್ತ್ರಿ ಊರೂರು ತಿರುಗಿ ಮನೆಮನೆಗೆ ಮುಂಗಡ ಹಂಚುತ್ತಿದ್ದ. ಕೈಯಲ್ಲಿ ಕಾಸಿಲ್ಲದಾಗ, ಮದುವೆಯೋ ಹಬ್ಬವೋ ಕಾಯಿಲೆಯೋ ಎದುರಾದಾಗ ಆ ದುಡ್ಡಿಗೆ ಜನ ಕೈಯೊಡ್ಡುತ್ತಿದ್ದರು. ಛಾಪಾ ಕಾಗದದ ಮೇಲೆ ಹೆಬ್ಬೆಟ್ಟು ಬೀಳುತ್ತಿತ್ತು. ಅದರಲ್ಲಿ ಬರೆದಿದ್ದನ್ನು ಓದಲು ಹೆಬ್ಬೆಟ್ಟು ಒತ್ತಿದವರಿಗೆ ಬರುತ್ತಿರಲಿಲ್ಲ.

ಹೀಗೆ ಕೂಲಿಯವನು ಮೇಸ್ತ್ರಿಗೆ ಸಾಲಗಾರ, ಮೇಸ್ತ್ರಿ ದೊರೆಗೆ ಸಾಲಗಾರ. ಕೂಲಿಯಲ್ಲಿ ಮುಂಗಡ ಮುರಿದುಕೊಂಡು, ತೋಟದಲ್ಲಿ ಕೊಟ್ಟ ಅಕ್ಕಿಯ ಲೆಕ್ಕ ಕಳೆದು, ಸೀಸನ್ ಮುಗಿಯುವಾಗ ಕೈಗೆ ಬರುವುದು ಎಷ್ಟು ಎಂಬುದು ಪುಸ್ತಕ ಬರೆಯುವವನ ಕೈಯಲ್ಲಿತ್ತು. ಸಾಲ ಉಳಿದರೆ ಮುಂದಿನ ವರ್ಷವೂ ಅದೇ ತೋಟ.

ದೊರೆಗಳ ವಾದವನ್ನೂ ಹೇಳಬೇಕು. ಎರಡು ಮೂರು ತೋಟಗಳಿಂದ ಮುಂಗಡ ಪಡೆದು ಎಲ್ಲಿಗೂ ಬಾರದವರಿದ್ದಾರೆ, ಮೇಸ್ತ್ರಿಗಳೇ ದುಡ್ಡು ನುಂಗಿ ಓಡಿಹೋಗುತ್ತಾರೆ ಎಂದು ಅವರು ದೂರುತ್ತಿದ್ದರು. ಅಂಥವು ನಡೆದದ್ದೂ ಉಂಟು. ಆದರೆ ಹಣ ಕೊಟ್ಟು ಮೋಸ ಹೋದವರು ಬೇರೆ ವ್ಯಾಪಾರಗಳಲ್ಲೂ ಇದ್ದರು. ಅವರಾರಿಗೂ ಸಾಲಗಾರನನ್ನು ಜೈಲಿನ ಹೆದರಿಕೆಯಲ್ಲಿ ದುಡಿಸಿಕೊಳ್ಳುವ ಹಕ್ಕನ್ನು ಸರ್ಕಾರ ಕೊಟ್ಟಿರಲಿಲ್ಲ. ಕೂಲಿಯವನ ವಿಷಯದಲ್ಲಿ ಮಾತ್ರ ಕೊಟ್ಟಿತ್ತು.

ಸಂಘಟನೆಯ ವಿಷಯದಲ್ಲೂ ಇದೇ ಅಂತರ. ದಕ್ಷಿಣ ಭಾರತದ ತೋಟದ ಮಾಲೀಕರು 1893ರಲ್ಲೇ ತಮ್ಮ ಸಂಘ 'ಉಪಾಸಿ'ಯನ್ನು ಕಟ್ಟಿಕೊಂಡರು. ಕಾರ್ಮಿಕರು ಸಂಘ ಕಟ್ಟಲು ಕಾನೂನಿನ ಮಾನ್ಯತೆ ಸಿಕ್ಕಿದ್ದು 1926ರ ಟ್ರೇಡ್ ಯೂನಿಯನ್ ಕಾಯ್ದೆಯಿಂದ.

ಆ ಕಾಲದ ಘಟ್ಟದ ಸಾಲ ಹೇಗಿತ್ತು ಎಂಬುದನ್ನು ನಮ್ಮ ಭಾಷೆಯಲ್ಲಿ ಮನಸ್ಸಿಗೆ ತಟ್ಟುವಂತೆ ಹೇಳಿದವರು ಶಿವರಾಮ ಕಾರಂತರು. 1933ರಲ್ಲಿ ಬಂದ ಅವರ 'ಚೋಮನ ದುಡಿ' ಕಾದಂಬರಿಯಲ್ಲಿ ದಲಿತ ಚೋಮನ ತಲೆಯ ಮೇಲೆ ಕಾಫಿ ತೋಟದ ಸಾಲವಿದೆ. ಅದನ್ನು ತೀರಿಸಲು ಮೊದಲು ಗಂಡುಮಕ್ಕಳು, ಆಮೇಲೆ ಮಗಳು ಬೆಳ್ಳಿ ಘಟ್ಟ ಹತ್ತುತ್ತಾರೆ. ಹಿರಿಮಗ ಜ್ವರ ಹತ್ತಿ ಸಾಯುತ್ತಾನೆ. ಅಪ್ಪನ ಸಾಲಕ್ಕೆ ಮಕ್ಕಳ ದುಡಿಮೆ ಎಂಬ ಈ ಲೆಕ್ಕ ಓದುಗರಿಗೆ ಕಟ್ಟುಕಥೆ ಅನಿಸಲಿಲ್ಲ. ಅದು ಕರಾವಳಿಯ ಊರುಗಳಿಗೆ ಗೊತ್ತಿದ್ದ ಬದುಕೇ ಆಗಿತ್ತು.

ಕಾಯ್ದೆ ಬಿದ್ದದ್ದು ಹೇಗೆ?

ಮೊದಲ ಮಹಾಯುದ್ಧ ಮುಗಿದ ಮೇಲೆ ಗಾಳಿ ಬದಲಾಯಿತು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹುಟ್ಟಿತು, ಭಾರತ ಮೊದಲಿನಿಂದಲೇ ಅದರ ಸದಸ್ಯ. 1920ರಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ ಶುರುವಾಯಿತು. ಕೇಂದ್ರ ಶಾಸನಸಭೆಯಲ್ಲಿ ಎನ್. ಎಂ. ಜೋಶಿ ಅವರಂಥ ಕಾರ್ಮಿಕ ಪ್ರತಿನಿಧಿ ಕೂತರು. 1920ರಲ್ಲೇ ಸರ್ಕಾರ 1859ರ ಕಾಯ್ದೆಯನ್ನು ಸ್ವಲ್ಪ ಸಡಿಲಿಸಿತು.

1921ರ ಮೇ ತಿಂಗಳಲ್ಲಿ ಅಸ್ಸಾಮಿನ ಚರ್ಗೋಲಾ ಕಣಿವೆಯ ಚಹಾ ತೋಟಗಳಿಂದ ಸಾವಿರಾರು ಕಾರ್ಮಿಕರು ಹೆಂಡತಿ ಮಕ್ಕಳೊಂದಿಗೆ ಹೊರಟು ನಿಂತರು. ಕೂಲಿ ಸಾಲದು, ನಾವು ಊರಿಗೆ ಹೋಗುತ್ತೇವೆ ಎಂದರು. ಚಾಂದಪುರದ ರೈಲು ನಿಲ್ದಾಣದಲ್ಲಿ ರಾತ್ರಿ ಮಲಗಿದ್ದವರ ಮೇಲೆ ಗೂರ್ಖಾ ಪಡೆ ಬಿತ್ತು. ಈ ಸುದ್ದಿ ದೇಶವಿಡೀ ಹಬ್ಬಿತು. ರೈಲ್ವೆ ಮತ್ತು ಸ್ಟೀಮರ್ ಕೆಲಸಗಾರರು ಮುಷ್ಕರ ಹೂಡಿದರು. ಕೆಲಸ ಬಿಡುವ ಹಕ್ಕು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಜನ ಕಣ್ಣಾರೆ ಕಂಡರು.

ಕೊನೆಗೆ 1925ರಲ್ಲಿ ರದ್ದತಿ ಕಾಯ್ದೆ ಪಾಸಾಯಿತು. 1926ರ ಏಪ್ರಿಲ್ 1ರಿಂದ 1859ರ ಕಾಯ್ದೆ ಇಲ್ಲವಾಯಿತು. ಅದರ ಜೊತೆ ಭಾರತೀಯ ದಂಡ ಸಂಹಿತೆಯಲ್ಲಿದ್ದ 490 ಮತ್ತು 492ನೇ ಕಲಮುಗಳೂ ಹೋದವು. ಮಾಲೀಕನ ಖರ್ಚಿನಲ್ಲಿ ದೂರದ ಊರಿಗೆ ಹೋಗಿ ಕೆಲಸ ಬಿಟ್ಟರೆ ಶಿಕ್ಷೆ ಎಂದು ಹೇಳುತ್ತಿದ್ದುದು 492ನೇ ಕಲಮು.

ಕೊಡಗಿಗೆ ಮಾತ್ರ ಆ ಬಿಡುಗಡೆ ಆಗ ಸಿಗಲಿಲ್ಲ. ಅಲ್ಲಿ 1926ರಲ್ಲೇ 'ಕೊಡಗು ಕಾರ್ಮಿಕ ಕಾಯ್ದೆ' ಎಂಬ ಬೇರೆ ಕಾಯ್ದೆ ತಂದು, ಮುಂಗಡ ಪಡೆದು ಕೆಲಸ ಬಿಟ್ಟವರಿಗೆ ಶಿಕ್ಷೆ ಕೊಡುವ ಪದ್ಧತಿಯನ್ನು ಮತ್ತೂ ಕೆಲವು ವರ್ಷ ಉಳಿಸಿಕೊಂಡರು. ದೇಶವೆಲ್ಲ ಬಿಟ್ಟ ಕಾನೂನನ್ನು ಬಿಡಲು ಆ ಪುಟ್ಟ ಸೀಮೆಯ ತೋಟಗಳು ಒಪ್ಪಲಿಲ್ಲ.

ಜೈಲಿಲ್ಲದ ಜೀತ

ಕಾಯ್ದೆ ಹೋಯಿತು. ಆದರೆ ಊರೊಳಗಿನ ಜೀತಕ್ಕೆ ಈ ಕಾಯ್ದೆ ಯಾವತ್ತೂ ಬೇಕಾಗಿರಲಿಲ್ಲ. ದಕ್ಷಿಣ ಕನ್ನಡದ ಮೂಲದಾಳುಗಳಿಗೂ ಬಯಲುಸೀಮೆಯ ಜೀತದಾಳುಗಳಿಗೂ ಕರಾರು ಪತ್ರವೂ ಇರಲಿಲ್ಲ, ವಾರಂಟೂ ಇರಲಿಲ್ಲ. ಮಗನ ಮದುವೆಗೆ ಧಣಿ ಕೊಟ್ಟ ದುಡ್ಡು, ಧಣಿಯ ಜಾಗದಲ್ಲಿ ಹಾಕಿಕೊಂಡ ಗುಡಿಸಲು, ಹುಟ್ಟಿದ ಜಾತಿ. ಈ ಮೂರೇ ಸಾಕಿತ್ತು. ಬಿಟ್ಟು ಹೋದರೆ ಮನೆ ಹೋಗುತ್ತಿತ್ತು, ಬೇರೆಯವರು ಕೆಲಸ ಕೊಡುತ್ತಿರಲಿಲ್ಲ. ಅಪ್ಪ ಸತ್ತರೆ ಸಾಲ ಮಗನ ತಲೆಗೆ ಬರುತ್ತಿತ್ತು.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನೂ ಎಲ್ಲ ಬಗೆಯ ಬಲವಂತದ ದುಡಿಮೆಯನ್ನೂ ನಿಷೇಧಿಸಿತು. ಅದನ್ನು ಜೀತಕ್ಕೆ ನೇರವಾಗಿ ಅನ್ವಯಿಸುವ ಕೇಂದ್ರ ಕಾನೂನು ಬರಲು ಇನ್ನೂ 25 ವರ್ಷ ಹಿಡಿಯಿತು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 20 ಅಂಶಗಳ ಕಾರ್ಯಕ್ರಮದ ಭಾಗವಾಗಿ, 1975ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆ ಬಂತು. 1976ರಲ್ಲಿ ಅದು ಜೀತ ಪದ್ಧತಿ ರದ್ದತಿ ಕಾಯ್ದೆಯಾಯಿತು. ಆಗ ನಮ್ಮಲ್ಲಿ ದೇವರಾಜ ಅರಸು ಮುಖ್ಯಮಂತ್ರಿ. ಗೇಣಿದಾರರಿಗೆ ಭೂಮಿ ಕೊಡುವ ಕಾಯ್ದೆ ತಿದ್ದುಪಡಿ, ಬಡವರ ಸಾಲ ಪರಿಹಾರ ಕಾಯ್ದೆ ಎರಡೂ ಅದೇ ಆಸುಪಾಸಿನಲ್ಲಿ ಬಂದವು. ಬಿ. ವಿ. ಕಾರಂತರು 'ಚೋಮನ ದುಡಿ'ಯನ್ನು ಸಿನಿಮಾ ಮಾಡಿದ್ದೂ 1975ರಲ್ಲೇ.

1859ರ ಕಾಯ್ದೆಯ ಪಕ್ಕದಲ್ಲಿ 1976ರ ಕಾಯ್ದೆಯನ್ನು ಇಟ್ಟು ನೋಡಿ. ಎಲ್ಲವೂ ತಲೆಕೆಳಗಾಗಿದೆ.

ಅಂದು ಸಾಲ ತೀರುವವರೆಗೆ ದುಡಿಯಬೇಕಿತ್ತು. 1976ರ ಕಾಯ್ದೆಯ ಪ್ರಕಾರ ಜೀತದ ಸಾಲವೇ ಇಲ್ಲವಾಗುತ್ತದೆ, ತೀರಿಸಬೇಕಾಗಿಲ್ಲ.

ಅಂದು ಜೈಲು ಕೆಲಸಗಾರನಿಗೆ. ಈಗ ಜೀತಕ್ಕೆ ಇಟ್ಟುಕೊಂಡವನಿಗೆ 3 ವರ್ಷದವರೆಗೆ ಜೈಲು, 2 ಸಾವಿರ ರೂಪಾಯಿವರೆಗೆ ದಂಡ. ರದ್ದಾದ ಜೀತದ ಸಾಲಕ್ಕೆಂದು ಹಣ ವಸೂಲಿ ಮಾಡಿದರೂ ಅಪರಾಧ.

ಅಂದು ತಾನು ಏಕೆ ಬಿಟ್ಟೆ ಎಂಬುದಕ್ಕೆ ಕೆಲಸಗಾರನೇ ಉತ್ತರ ಹೇಳಬೇಕಿತ್ತು. ಈಗ ಕೆಲಸಗಾರ 'ಇದು ಜೀತದ ಸಾಲ' ಎಂದರೆ, ಅಲ್ಲ ಎಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು.

ಜೀತದಿಂದ ಬಿಡಿಸಿಕೊಂಡವರನ್ನು ಅವರಿದ್ದ ಮನೆಯಿಂದ ಎಬ್ಬಿಸುವಂತಿಲ್ಲ ಎಂಬ ಮಾತೂ ಕಾಯ್ದೆಯಲ್ಲಿದೆ. ಜಿಲ್ಲೆ ಮತ್ತು ಉಪವಿಭಾಗ ಮಟ್ಟದಲ್ಲಿ ಜಾಗೃತಿ ಸಮಿತಿಗಳಿರಬೇಕು, ಅವುಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿರಬೇಕು ಎಂದೂ ಇದೆ.

ಹಸಿವೂ ಬಲವಂತವೇ

ಕಾಯ್ದೆ ಬಂದ ಮೇಲೂ ಒಂದು ಪ್ರಶ್ನೆ ಉಳಿದಿತ್ತು. 'ನಾನೇನು ಕಟ್ಟಿಹಾಕಿದ್ದೇನಾ? ಅವನೇ ಒಪ್ಪಿ ಬಂದಿದ್ದಾನೆ' ಎಂದು ಮಾಲೀಕ ಹೇಳಿದರೆ?

1982ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿತು. ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೆಲಸದವರ ಕೇಸು ಅದು. ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರ ಪೀಠ ಹೇಳಿದ್ದರ ಸಾರ ಇಷ್ಟು: ಬಲವಂತ ಎಂದರೆ ದೊಣ್ಣೆ ಮಾತ್ರ ಅಲ್ಲ, ಬಡತನ ಮತ್ತು ಹಸಿವಿನಿಂದ ಬೇರೆ ದಾರಿ ಕಾಣದೆ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಬಲವಂತದ ದುಡಿಮೆಯೇ. 1983ರ ಡಿಸೆಂಬರ್‌ನಲ್ಲಿ ಹರಿಯಾಣದ ಫರೀದಾಬಾದ್ ಕಲ್ಲು ಕ್ವಾರಿಗಳ ಕೇಸಿನಲ್ಲಿ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬಲವಂತದ ದುಡಿಮೆ ಕಂಡರೆ ಅದರ ಹಿಂದೆ ಮುಂಗಡವೋ ಸಾಲವೋ ಇದೆ ಎಂದೇ ಮೊದಲು ಭಾವಿಸಬೇಕು, ಇಲ್ಲ ಎನ್ನುವವರು ಸಾಬೀತು ಮಾಡಲಿ ಎಂದಿತು.

ಇಷ್ಟೆಲ್ಲ ಆದಮೇಲೆ, 2000ನೇ ಇಸವಿಯಲ್ಲಿ, ಮಂಡ್ಯ ಜಿಲ್ಲೆ ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿಯ ಕಲ್ಲು ಕ್ವಾರಿಯಲ್ಲಿ ಕಾಲಿಗೆ ಸರಪಳಿ ಹಾಕಿಸಿಕೊಂಡು ದುಡಿಯುತ್ತಿದ್ದ ಕಾರ್ಮಿಕರು ಪತ್ತೆಯಾದರು. ಕಾಯ್ದೆ ಪುಸ್ತಕದಲ್ಲಿದ್ದರೆ ಸಾಲದು, ದುಡಿಯುವವರಿಗೆ ಗೊತ್ತಿರಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಈಗ ನಾವು ತಿಳಿದಿರಬೇಕಾದದ್ದು

ಮುಂಗಡ ಪಡೆಯುವುದು ತಪ್ಪಲ್ಲ, ಕೊಡುವುದೂ ತಪ್ಪಲ್ಲ. ಸರಿಯಾದ ಕೂಲಿ ಕೊಟ್ಟು, ಅದರಲ್ಲಿ ಒಪ್ಪಿದಷ್ಟು ಮುರಿದುಕೊಂಡು, ಹೋಗುತ್ತೇನೆ ಎಂದರೆ ಲೆಕ್ಕ ಮಾಡಿ ಬಿಡುವ ಮಾಲೀಕರೂ ಇದ್ದಾರೆ. ಅದು ಜೀತವಲ್ಲ. ಆದರೆ ಮುಂಗಡದ ಹೆಸರಿನಲ್ಲಿ ಕೂಲಿಯನ್ನೇ ಕೊಡದಿದ್ದರೆ, ತೀರಾ ಕಡಿಮೆ ಕೊಟ್ಟರೆ, ಬೇರೆ ಕಡೆ ಕೆಲಸಕ್ಕೆ ಹೋಗಲು ಬಿಡದಿದ್ದರೆ, ಊರಿಗೆ ಹೋಗಲು ಬಿಡದಿದ್ದರೆ ಅದು ಜೀತ. ಇವುಗಳಲ್ಲಿ ಒಂದಿದ್ದರೂ ಸಾಕು, ಎಲ್ಲವೂ ಇರಬೇಕಿಲ್ಲ.

ಜೀತವಲ್ಲದ ಮಾಮೂಲಿ ಮುಂಗಡ ಬಾಕಿ ಉಳಿದರೆ ಅದು ಸಾಲದ ವ್ಯವಹಾರ. ಮಾಲೀಕ ಸಿವಿಲ್ ಕೋರ್ಟಿಗೆ ಹೋಗಬಹುದು. ಕೆಲಸ ಬಿಟ್ಟದ್ದಕ್ಕೇ ಯಾರನ್ನೂ ಜೈಲಿಗೆ ಹಾಕುವ ಕಾನೂನು ಇಂದು ಇಲ್ಲ. ಮೊದಲಿನಿಂದಲೇ ಮೋಸ ಮಾಡುವ ಉದ್ದೇಶದಿಂದ ದುಡ್ಡು ಪಡೆದಿದ್ದರೆ ಮಾತ್ರ ಅದು ವಂಚನೆಯ ಕೇಸು, ಆ ಉದ್ದೇಶವನ್ನು ಸಾಬೀತು ಮಾಡಬೇಕು.

ಒಂದು ಎಚ್ಚರಿಕೆ. ಈಗ ಹೆಬ್ಬೆಟ್ಟಿನ ಜಾಗಕ್ಕೆ ಸಹಿ ಹಾಕಿದ ಖಾಲಿ ಚೆಕ್ ಬಂದಿದೆ. ಚೆಕ್ ಬೌನ್ಸ್ ಆದರೆ ಅದು ಕ್ರಿಮಿನಲ್ ಕೇಸು, ಜೈಲು ಶಿಕ್ಷೆಯೂ ಆಗಬಹುದು. ಹಾಗಾಗಿ ಖಾಲಿ ಚೆಕ್ಕು, ಖಾಲಿ ಬಾಂಡ್ ಪೇಪರು ಕೊಡಬೇಡಿ. ಮುಂಗಡ ಎಷ್ಟು, ದಿನಗೂಲಿ ಎಷ್ಟು, ಎಷ್ಟು ಮುರಿಯುತ್ತಾರೆ ಎಂದು ಬರೆಸಿಕೊಂಡು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ನಿಮ್ಮ ಲೆಕ್ಕ ನೀವೂ ದಿನದಿನ ಬರೆದಿಡಿ.

ಯಾರನ್ನಾದರೂ ಹೀಗೆ ಹಿಡಿದಿಟ್ಟುಕೊಂಡಿದ್ದರೆ ತಹಶೀಲ್ದಾರ್, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿಗೆ ದೂರು ಕೊಡಬಹುದು. ಉಚಿತ ಕಾನೂನು ನೆರವಿಗೆ 15100ಕ್ಕೆ, ತುರ್ತಾಗಿದ್ದರೆ 112ಕ್ಕೆ ಕರೆ ಮಾಡಬಹುದು. ಬಿಡುಗಡೆಯಾದವರಿಗೆ ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತಕ್ಷಣಕ್ಕೆ 30 ಸಾವಿರ ರೂಪಾಯಿವರೆಗೆ ನೆರವಿದೆ. ಆಮೇಲೆ ಗಂಡಸರಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ, ತೀರಾ ಘೋರ ಪ್ರಕರಣಗಳಲ್ಲಿ 3 ಲಕ್ಷದವರೆಗೆ ಪರಿಹಾರವಿದೆ. ಅಧಿಕಾರಿ ಕೊಡುವ ಬಿಡುಗಡೆ ಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಮುಂದಿನ ಸಲ ಯಾರಾದರೂ 'ಅಡ್ವಾನ್ಸ್ ಇದೆ, ಬಿಟ್ಟು ಹೋದ್ರೆ ಜೈಲು' ಎಂದರೆ, ಆ ಕಾಯ್ದೆ 1926ರ ಏಪ್ರಿಲ್ 1ಕ್ಕೆ ಮುಗಿಯಿತು ಎಂದು ಹೇಳಿ. ಸುಗ್ಗಿ ಮುಗಿಸಿ ಗುಳೆ ಹೊರಡುವ ಅಕ್ಕಪಕ್ಕದ ಮನೆಯವರಿಗೂ ಇದನ್ನು ಓದಿ ಹೇಳಿ.